ಕ್ಯಾವಿಟಿಯಲ್ಲಿ ಶಿಖರ ಸೀಳದಿದ್ದರೆ: ಬೆಳಕು–ಅಣುಕಂಪನ ಸ್ಟ್ರಾಂಗ್ ಕಪ್ಲಿಂಗ್‌ಗೆ ದೋಷ ನಿವಾರಣೆ ಕೈಪಿಡಿ

ಎರಡು ಕನ್ನಡಿಗಳ ನಡುವಿನ ಕಿರಿದಾದ ಸಂದಿನಲ್ಲಿ (ಇದೇ ಕ್ಯಾವಿಟಿ) ದ್ರಾವಣ ತುಂಬಿ, ಇನ್‌ಫ್ರಾರೆಡ್ ರೋಹಿತ ಅಳೆಯುವ ಯಂತ್ರವಾದ ಎಫ್‌ಟಿಐಆರ್‌ ಒಳಗಿಟ್ಟರೆ, ಅಣುವಿನ ಕಂಪನದ ಆವೃತ್ತಿಯಲ್ಲಿ ಕೂತ ಕ್ಯಾವಿಟಿಯ ಒಂದು ಶಿಖರ ಎರಡಾಗಿ ಸೀಳಬೇಕು. ಆ ಎರಡೂ ಪೋಲಾರಿಟಾನ್‌ಗಳು: ಅರ್ಧ ಬೆಳಕು, ಅರ್ಧ ಅಣುಕಂಪನ. ಎರಡೂ ಹೀಗೆ ಬೆರೆತುಹೋಗುವುದೇ ಸ್ಟ್ರಾಂಗ್ ಕಪ್ಲಿಂಗ್. ಪ್ರಯೋಗ ಕೈಕೊಡುವುದು ಎರಡು ರೀತಿಯಲ್ಲಿ. ಒಂದು, ಶಿಖರ ಸೀಳುವುದೇ ಇಲ್ಲ. ಇನ್ನೊಂದು, ಸೀಳಿದ ಹಾಗೆ ಕಾಣುತ್ತದೆ, ಆದರೆ ಅದು ಸ್ಟ್ರಾಂಗ್ ಕಪ್ಲಿಂಗ್ ಅಲ್ಲ. ಎರಡನೆಯದೇ ಹೆಚ್ಚು ಅಪಾಯ, ಯಾಕೆಂದರೆ ಅಲ್ಲಿ ಯಾರೂ ದೋಷ ಹುಡುಕುವುದಿಲ್ಲ.

ಹುಡುಕಾಟ ನಡೆಯುವುದು ಮೂರು ಸಂಖ್ಯೆಗಳ ಸುತ್ತ: ಖಾಲಿ ಕ್ಯಾವಿಟಿಯ ಶಿಖರದ ಅಗಲ, ಕ್ಯಾವಿಟಿಯ ಹೊರಗೆ ಅಳೆದ ಅಣುರೇಖೆಯ (ಅಣುಕಂಪನ ಬೆಳಕು ಹೀರುವ ಶಿಖರದ) ಅಗಲ, ಮತ್ತು ಸೀಳು, ಅಂದರೆ ಸೀಳಿದ ಎರಡು ಶಿಖರಗಳ ನಡುವಿನ ದೂರ. ಮೊದಲೆರಡನ್ನು ಬೇರೆಬೇರೆಯಾಗಿ ಅಳೆಯದೆ ಮೂರನೆಯದರ ಬಗ್ಗೆ ಮಾತಾಡಬೇಡಿ. ಅಗಲ ಎಂದಲ್ಲೆಲ್ಲ ಅರ್ಧ ಎತ್ತರದಲ್ಲಿನ ಪೂರ್ತಿ ಅಗಲ ಎಂದು ತಿಳಿಯಿರಿ. ಆವೃತ್ತಿ, ಅಗಲ, ಸೀಳು ಎಲ್ಲವೂ ವೇವ್‌ನಂಬರ್‌ನಲ್ಲಿವೆ, ಅಂದರೆ ಸೆಂ.ಮೀ⁻¹. ಪ್ರತಿ ಸಲ ಬರೆಯಲು ಹೋಗಿಲ್ಲ.

ಉದಾಹರಣೆಗೆ ಇಟ್ಟುಕೊಂಡಿರುವ ವ್ಯವಸ್ಥೆ

ಹೆಕ್ಸೇನ್‌ನಲ್ಲಿ ಕರಗಿಸಿದ ಟಂಗ್‌ಸ್ಟನ್ ಹೆಕ್ಸಾಕಾರ್ಬೊನಿಲ್, 40 ಮಿಲಿಮೋಲಾರ್. ಅಂದರೆ ಪ್ರತಿ ಮಿಲಿಲೀಟರಿಗೆ ಸುಮಾರು 14 ಮಿಲಿಗ್ರಾಂ. ಅದರ ಕಾರ್ಬೊನಿಲ್ ಕಂಪನ 1983ರಲ್ಲಿ, ಅಗಲ ಸುಮಾರು 3. ಈ ಸಾಂದ್ರತೆಯಲ್ಲಿ 37ರ ಆಸುಪಾಸಿನ ಸೀಳು ಸಿಗುತ್ತದೆ. ಕನ್ನಡಿಗಳು ಕ್ಯಾಲ್ಸಿಯಂ ಫ್ಲೋರೈಡ್ ಗಾಜಿನ ಮೇಲೆ ಹಾಕಿದ ಚಿನ್ನದ ತೆಳುಪದರ ಅಥವಾ ಡೈಎಲೆಕ್ಟ್ರಿಕ್ ಪದರಗಳು. ನಡುವೆ ಸಂದನ್ನು ಕಾಯುವ 25 ಮೈಕ್ರಾನ್ ದಪ್ಪದ ಹಾಳೆ, ಅಂದರೆ ಸ್ಪೇಸರ್, ಇಡೀ ಜೋಡಣೆಯನ್ನು ಹಿಡಿಯಲು ನಾಲ್ಕು ಸ್ಕ್ರೂಗಳ ಡಿಮೌಂಟಬಲ್ (ಬಿಚ್ಚಿ ಕಟ್ಟಬಹುದಾದ) ಸೆಲ್. ಈ ಸಂಯುಕ್ತ ವಿಷಕಾರಿ, ಒಡೆದರೆ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಹಾಗಾಗಿ ತೂಗುವುದು, ಕರಗಿಸುವುದು, ತುಂಬುವುದು ಎಲ್ಲ ಫ್ಯೂಮ್‌ಹುಡ್ ಒಳಗೆ.

ಪಕ್ಕಪಕ್ಕದ ಎರಡು ಕ್ಯಾವಿಟಿ ಶಿಖರಗಳ ನಡುವಿನ ದೂರ, ಎಂದರೆ ಎಫ್‌ಎಸ್‌ಆರ್, 10000 ÷ (2 × ವಕ್ರೀಭವನಾಂಕ × ಮೈಕ್ರಾನ್‌ನಲ್ಲಿ ಸಂದು). ಸಂದು 25, ಹೆಕ್ಸೇನ್‌ನ ವಕ್ರೀಭವನಾಂಕ 1.375 ಆದರೆ 145. ಅದೇ ಸೆಲ್‌ನಲ್ಲಿ ಗಾಳಿ ಮಾತ್ರ ಇದ್ದರೆ 200. ಈ ಎರಡು ಸಂಖ್ಯೆ ಬಾಯಿಪಾಠವಾಗಿದ್ದರೆ ಸೆಲ್ ತುಂಬಿದೆಯೋ ಅರ್ಧ ಖಾಲಿಯೋ ಎಂಬುದು ರೋಹಿತ ನೋಡಿದ ತಕ್ಷಣ ತಿಳಿಯುತ್ತದೆ.

ಖಾಲಿ ಕ್ಯಾವಿಟಿಯ ಶಿಖರಗಳು ಮೊಂಡಾಗಿವೆ

ಹೆಚ್ಚಿನ ಕೇಸುಗಳು ಇಲ್ಲೇ ಮುಗಿಯುತ್ತವೆ. ಅಣುಗಳನ್ನು ಹಾಕುವ ಮೊದಲು ಬರೀ ದ್ರಾವಕ ತುಂಬಿ ಅಳೆಯಿರಿ. ಕನ್ನಡಿಯ ಪ್ರತಿಫಲನ 80% ಇದ್ದರೆ ಫಿನೆಸ್ (ಶಿಖರಗಳ ಅಂತರ ಒಂದು ಶಿಖರದ ಅಗಲದ ಎಷ್ಟು ಪಟ್ಟು ಎಂಬ ಸಂಖ್ಯೆ) 14, 90% ಇದ್ದರೆ 30, 95% ಇದ್ದರೆ 61. ಎಫ್‌ಎಸ್‌ಆರ್ ಅನ್ನು ಫಿನೆಸ್‌ನಿಂದ ಭಾಗಿಸಿದರೆ ಬರಬೇಕಾದ ಅಗಲ ಸಿಗುತ್ತದೆ. 145ರ ಎಫ್‌ಎಸ್‌ಆರ್‌ಗೆ ಕ್ರಮವಾಗಿ ಸುಮಾರು 10, 5, 2.4. ಅಳೆದದ್ದು ಇದರ ಎರಡು ಮೂರು ಪಟ್ಟು ಇದ್ದರೆ ಕನ್ನಡಿಯನ್ನು ಬೈಯುವ ಮೊದಲು ಜೋಡಣೆಯನ್ನು ನೋಡಿ.

ಮೊದಲ ಶಂಕಿತ: ಕನ್ನಡಿಗಳು ಸಮಾಂತರವಾಗಿಲ್ಲ. ಸಂದು ಎಷ್ಟು ಪ್ರತಿಶತ ಬದಲಾಗುತ್ತದೋ ಶಿಖರವೂ ಅಷ್ಟೇ ಪ್ರತಿಶತ ಸರಿಯುತ್ತದೆ. 2000ದಲ್ಲಿ 10 ಎಂದರೆ 0.5%, ಅಂದರೆ 25 ಮೈಕ್ರಾನ್ ಸಂದಿನಲ್ಲಿ 125 ನ್ಯಾನೋಮೀಟರ್. ಬೆಳಕು ಬೀಳುವ ಜಾಗದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸಂದು ಇಷ್ಟು ಬದಲಾದರೂ ಸಾಕು, 10ರ ಶಿಖರ ಕಣ್ಣಿಗೆ ಕಾಣುವಷ್ಟು ಅಗಲವಾಗುತ್ತದೆ. ಸ್ಕ್ರೂವನ್ನು ಕಾಲು ಸುತ್ತು ಹೆಚ್ಚು ತಿರುಗಿಸಿದರೆ ಇದಕ್ಕಿಂತ ಎಷ್ಟೋ ಪಟ್ಟು ಓರೆಯಾಗುತ್ತದೆ.

ಚಿನ್ನದ ತೆಳುಪದರ ಹಸಿರು–ಹಳದಿ ಬೆಳಕನ್ನು ಸ್ವಲ್ಪ ಬಿಡುತ್ತದೆ. ಹಾಗಾಗಿ ಪರೀಕ್ಷೆಗೆ ಸೋಡಿಯಂ ದೀಪವೊಂದಿದ್ದರೆ ಸಾಕು. ಖಾಲಿ ಸೆಲ್ಲನ್ನು ದೀಪದ ಮುಂದೆ ಹಿಡಿದು ನೋಡಿದರೆ ಕಪ್ಪು–ಹಳದಿ ಪಟ್ಟಿಗಳು ಕಾಣುತ್ತವೆ. ಒಂದು ಪಟ್ಟಿಯಿಂದ ಮುಂದಿನದಕ್ಕೆ ಸಂದು 295 ನ್ಯಾನೋಮೀಟರ್ ಬದಲಾಗಿದೆ ಎಂದರ್ಥ. ಹೆಕ್ಸೇನ್ ತುಂಬಿದ್ದರೆ ಸುಮಾರು 215. ನಾಲ್ಕೂ ಸ್ಕ್ರೂಗಳನ್ನು ಬೆರಳಿಗೆ ತಾಗುವಷ್ಟು ಮಾತ್ರ ಬಿಗಿ ಮಾಡಿದಾಗ ಪಟ್ಟಿಗಳು ಒತ್ತೊತ್ತಾಗಿ, ಬಾಚಣಿಗೆಯ ಹಲ್ಲಿನಂತೆ ಇರುತ್ತವೆ. ಪಟ್ಟಿಗಳು ಓರೆಯ ದಿಕ್ಕಿಗೆ ಅಡ್ಡಲಾಗಿ ಸಾಲುಗಟ್ಟುವುದರಿಂದ, ಎತ್ತರವಾಗಿರುವುದು ಸಾಲಿನ ಈ ಕೊನೆಯೋ ಆ ಕೊನೆಯೋ ಎಂಬುದಷ್ಟೇ ಪ್ರಶ್ನೆ. ಒಂದು ಸ್ಕ್ರೂವನ್ನು ಹದಿನಾರನೇ ಒಂದು ಸುತ್ತು ತಿರುಗಿಸಿ ನೋಡಿ. ಪಟ್ಟಿಗಳು ಅಗಲವಾದರೆ ದಿಕ್ಕು ಸರಿ, ಇನ್ನೂ ಒತ್ತಾದರೆ ಎದುರು ಮೂಲೆಯ ಸ್ಕ್ರೂ ಹಿಡಿಯಿರಿ. ಪಕ್ಕದ ಸ್ಕ್ರೂಗೆ ಹೋಗಬೇಡಿ, ಯಾವಾಗಲೂ ಅಡ್ಡಮೂಲೆಗೆ. ಪಟ್ಟಿಗಳು ದಪ್ಪಗಾಗುತ್ತ ಹೋಗಿ, ಕೊನೆಗೆ ಮಧ್ಯದಲ್ಲಿ ಒಂದೇ ಬಣ್ಣದ ದೊಡ್ಡ ಮಚ್ಚೆ ಉಳಿಯಬೇಕು. ಬೆಳಕು ಹಾಯುವ ಜಾಗದಲ್ಲಿ ಅರ್ಧ ಪಟ್ಟಿಗಿಂತ ಕಡಿಮೆ ಇದ್ದರೆ ಸಾಕು.

ಪಟ್ಟಿಗಳು ನೇರವಾಗಿರದೆ ಉಂಗುರ ಉಂಗುರವಾಗಿದ್ದರೆ ಅದು ಓರೆಯಲ್ಲ, ಗಾಜು ಬಾಗಿದೆ. ಸ್ಕ್ರೂ ಅತಿ ಬಿಗಿಯಾಗಿದೆ, ಇಲ್ಲವೇ ಗಾಜಿನ ಮೇಲ್ಮೈಯೇ ಸಮತಟ್ಟಾಗಿಲ್ಲ. ಸಾಮಾನ್ಯ ಸ್ಪೆಕ್ಟ್ರೋಸ್ಕೋಪಿ ಕಿಟಕಿಗಾಜಿನ ಸಮತಟ್ಟುತನ ಕಾಲು ತರಂಗದಷ್ಟಿದ್ದರೂ 633 ನ್ಯಾನೋಮೀಟರ್‌ಗೆ ಅದು 158 ನ್ಯಾನೋಮೀಟರ್. ನಮಗೆ ಬೇಕಿರುವ 125ಕ್ಕಿಂತ ಆಗಲೇ ಹೆಚ್ಚು. ಹತ್ತನೇ ಒಂದು ತರಂಗದ ಗಾಜು ಕೊಳ್ಳುವುದೇ ಸರಿ. ಉಂಗುರಗಳ ಕೇಂದ್ರ ಒಂದು ಬದಿಗೆ ಎಳೆದಂತಿದ್ದರೆ ಸ್ಪೇಸರ್ ಕೆಳಗೆ ಧೂಳಿನ ಕಣ ಕೂತಿದೆ. ಸ್ಕ್ರೂ ತಿರುಗಿಸಿ ಅದನ್ನು ಸರಿಮಾಡಲಾಗದು, ಬಿಚ್ಚಿ ಒಣ ಸಾರಜನಕ ಊದಲೇಬೇಕು. ಚಿನ್ನದ ಮೇಲ್ಮೈಯನ್ನು ಟಿಶ್ಯೂವಿನಿಂದ ಉಜ್ಜಬೇಡಿ. ಕ್ಯಾಲ್ಸಿಯಂ ಫ್ಲೋರೈಡ್ ಮೇಲೆ ಚಿನ್ನದ ಹಿಡಿತ ಮೊದಲೇ ದುರ್ಬಲ, ಒಂದೇ ಉಜ್ಜಿಗೆ ಪದರ ಕಿತ್ತು ಬರುತ್ತದೆ.

ಎರಡನೇ ಶಂಕಿತ, ಮತ್ತು ಹೆಚ್ಚಿನವರು ಮರೆಯುವುದು: ಬೆಳಕಿನ ಕೋನ. ಎಫ್‌ಟಿಐಆರ್‌ನ ಸ್ಯಾಂಪಲ್ ಜಾಗದಲ್ಲಿ ಬೆಳಕು ಸಮಾಂತರವಾಗಿ ಬರುವುದಿಲ್ಲ, ಆಲಿಕೆಯಂತೆ ಕೂಡುತ್ತ ಬರುತ್ತದೆ. ಓರೆಯಾಗಿ ಬಿದ್ದ ಕಿರಣಕ್ಕೆ ಕ್ಯಾವಿಟಿ ಶಿಖರ ಮೇಲಿನ ಆವೃತ್ತಿಗೆ ಸರಿಯುತ್ತದೆ. 7 ಡಿಗ್ರಿ ಓರೆಗೆ 2000ದ ಶಿಖರ ಸುಮಾರು 7.9 ಮೇಲೇರುತ್ತದೆ. ಅಂದರೆ 5 ಅಗಲದ ಶಿಖರ, 7 ಡಿಗ್ರಿ ಅರ್ಧಕೋನದ ಬೆಳಕಿನಲ್ಲಿ ಮೇಲ್ಬದಿಗೆ ಬಾಲ ಬೆಳೆಸಿಕೊಂಡು ಕಾಣುತ್ತದೆ. ಗುರುತು ಇದೇ: ಓರೆ ಸಂದಿನಿಂದ ಆದ ಅಗಲ ಎರಡೂ ಬದಿಗೆ ಹರಡುತ್ತದೆ, ಕೋನದಿಂದ ಆದದ್ದು ಮೇಲಿನ ಆವೃತ್ತಿಯ ಬದಿಗೆ ಮಾತ್ರ. ಕನ್ನಡಿ ತಾಗಿದಂತೆ 1 ಮಿ.ಮೀ. ಅಪರ್ಚರ್ (ರಂಧ್ರವಿರುವ ತಡೆ) ಇಟ್ಟರೆ ಸಂದಿನ ದೋಷ ಕಡಿಮೆಯಾಗುತ್ತದೆ, ಕೋನದ ದೋಷ ಹಾಗೇ ಉಳಿಯುತ್ತದೆ. ಕೋನ ಕಿರಿದಾಗಿಸಲು ಮೂಲದ ಕಡೆಯ ಬೆಳಕನ್ನೇ ಕತ್ತರಿಸಬೇಕು, ಅಂದರೆ ಸ್ಯಾಂಪಲ್‌ಗಿಂತ ಮುಂಚಿನ ಫೋಕಸಿಂಗ್ ಕನ್ನಡಿಯ ಬಳಿ ಐರಿಸ್ (ಹಿಗ್ಗಿಸಿ ಕುಗ್ಗಿಸಬಹುದಾದ ರಂಧ್ರ) ಕಿರಿದು ಮಾಡಬೇಕು. ಇನ್‌ಫ್ರಾರೆಡ್ ಮೈಕ್ರೋಸ್ಕೋಪ್ ಬಳಸುವವರಿಗೆ ಇನ್ನೊಂದು ಮಾತು. ಅದರ ಕ್ಯಾಸಗ್ರೇನ್ ಆಬ್ಜೆಕ್ಟಿವ್‌ನ ನಡುಭಾಗ ಮುಚ್ಚಿರುವುದರಿಂದ ಲಂಬವಾದ ಕಿರಣವೇ ಸ್ಯಾಂಪಲ್‌ಗೆ ತಲುಪುವುದಿಲ್ಲ. ಕಾಣುವ ಶಿಖರ ಯಾವಾಗಲೂ ಓರೆ ಕೋನಗಳ ಸರಾಸರಿ. ಚೂಪಾದ ಶಿಖರ ಬೇಕಾದವರು ಅದನ್ನು ಬಿಡುವುದೇ ಮೇಲು.

ಇವೆರಡೂ ಸರಿಯಿದ್ದೂ ಶಿಖರ ಅಗಲವಾಗಿದ್ದರೆ ಆಗ ಕನ್ನಡಿಯ ಸರದಿ. ಚಿನ್ನ 10 ನ್ಯಾನೋಮೀಟರ್‌ಗಿಂತ ಬಹಳ ತೆಳುವಾದರೆ ಪದರವಾಗಿ ಕೂರದೆ ನಡುಗಡ್ಡೆಗಳಾಗಿ ಒಡೆದುಕೊಳ್ಳುತ್ತದೆ. ಆಗ ಬೆಳಕನ್ನು ಪ್ರತಿಫಲಿಸುವುದಕ್ಕಿಂತ ನುಂಗುವುದೇ ಹೆಚ್ಚು. ನಾಲ್ಕು ಮೊನೆಯ ಪ್ರೋಬ್‌ನಿಂದ ಶೀಟ್ ರೋಧ ಅಳೆಯಿರಿ. ಘನ ಚಿನ್ನದ ಲೆಕ್ಕದಲ್ಲಿ 10 ನ್ಯಾನೋಮೀಟರ್‌ಗೆ ಚದರಕ್ಕೆ 2.2 ಓಮ್ ಬರಬೇಕು. ಇದರ ಕೆಲವು ಪಟ್ಟು ಬಂದರೆ ಪರವಾಗಿಲ್ಲ, ನೂರಾರು ಓಮ್ ಬಂದರೆ ಆ ಕನ್ನಡಿ ಬಿಡಿ. ಹಾಗೆಂದು ಚಿನ್ನ ದಪ್ಪ ಮಾಡಿದರೆ ಶಿಖರದ ಎತ್ತರ ಕುಸಿಯುತ್ತದೆ. ಕನ್ನಡಿ ಬೆಳಕಿನ 7% ಬಿಟ್ಟು 8% ನುಂಗಿದರೆ ಶಿಖರದಲ್ಲಿ ಹೊರಬರುವುದು 22%. 1% ಬಿಟ್ಟು 2% ನುಂಗಿದರೆ 11% ಮಾತ್ರ. ಕ್ರೋಮಿಯಂ ಅಥವಾ ಟೈಟಾನಿಯಂನ ಅಂಟುಪದರ ನುಂಗುವ ಪಾಲನ್ನೇ ಹೆಚ್ಚಿಸುತ್ತದೆ. ಹಾಕಲೇಬೇಕೆಂದರೆ 1–2 ನ್ಯಾನೋಮೀಟರ್ ದಾಟಬೇಡಿ.

ಶಿಖರ ಚೂಪಾಗಿದೆ, ಆದರೆ ಕಂಪನದ ಮೇಲೆ ಕೂರುತ್ತಿಲ್ಲ

ಡಬ್ಬಿಯ ಮೇಲಿನ 25 ಮೈಕ್ರಾನ್ ನಂಬಬೇಡಿ. ಸರಿಯಾಗಿ 25 ಇದ್ದರೂ ಪ್ರಯೋಜನವಿಲ್ಲ: ಹೆಕ್ಸೇನ್ ತುಂಬಿದ ಆ ಸಂದಿನ 13ನೇ ಶಿಖರ 1891ರಲ್ಲಿ, 14ನೆಯದು 2036ರಲ್ಲಿ. 1983 ಎರಡಕ್ಕೂ ದಕ್ಕುವುದಿಲ್ಲ. 13ನೇ ಶಿಖರವನ್ನು ಕೂರಿಸಲು ಸಂದು 23.84 ಆಗಬೇಕು, 14ನೆಯದಕ್ಕೆ 25.67. ಇವೆರಡರ ನಡುವಿನ ದೂರ 1.83 ಮೈಕ್ರಾನ್, ದ್ರಾವಣದೊಳಗಿನ ಅರ್ಧ ತರಂಗ.

ಸೆಲ್ಲನ್ನು ಓರೆ ಮಾಡಿ ಹೊಂದಿಸಬಹುದು, ಆದರೆ ಓರೆ ಮಾಡಿದರೆ ಶಿಖರ ಮೇಲಕ್ಕೆ ಮಾತ್ರ ಹೋಗುತ್ತದೆ. 1891ರ ಶಿಖರವನ್ನು 1983ಕ್ಕೆ ಎತ್ತಲು ಸುಮಾರು 24.5 ಡಿಗ್ರಿ ಬೇಕು. 2036ರಲ್ಲಿರುವುದನ್ನು ಎಷ್ಟು ಓರೆ ಮಾಡಿದರೂ ಕೆಳಗೆ ತರಲಾಗದು, ಅದಕ್ಕೆ ಸಂದನ್ನೇ ಹಿಗ್ಗಿಸಬೇಕು. ಹಾಗಾಗಿ ಲಂಬ ಕೋನದಲ್ಲಿ ಶಿಖರ ಕಂಪನಕ್ಕಿಂತ 15–20 ಕೆಳಗೆ ಇರುವಂತೆ ಸ್ಕ್ರೂ ಹೊಂದಿಸಿಟ್ಟು, ಉಳಿದದ್ದನ್ನು ಓರೆಯಿಂದ ತುಂಬಿಸುವುದು ಜಾಣತನ. ದೊಡ್ಡ ಕೋನಗಳಲ್ಲಿ ಪೋಲರೈಸರ್ ಹಾಕಿ. ಇಲ್ಲದಿದ್ದರೆ ಎರಡು ಧ್ರುವೀಕರಣಗಳ ಬೇರೆಬೇರೆ ಅಗಲದ ಶಿಖರಗಳು ಒಂದರ ಮೇಲೊಂದು ಬಿದ್ದು, ಆಕಾರ ಕೆಟ್ಟಿದೆ ಎನ್ನಿಸುತ್ತದೆ.

ಸಂದನ್ನು ಅಳೆಯಲು ಶಿಖರಗಳ ನಡುವಿನ ದೂರವನ್ನು 2000–2700ರ ಶುದ್ಧ ಭಾಗದಲ್ಲಿ, ಆದರೆ 1983ರ ಸೀಳಿನಿಂದ ದೂರದಲ್ಲಿ ಎಣಿಸಿ. 2850ರಿಂದ ಮೇಲೆ ಹೆಕ್ಸೇನ್‌ನ ಸಿ–ಎಚ್ ಕಂಪನಗಳು ಶುರುವಾಗಿ ಲೆಕ್ಕ ಕೆಡಿಸುತ್ತವೆ. 2349ರಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಕಾಣದಂತೆ ಪರ್ಜ್ ಮಾಡಿ, ಅಂದರೆ ಯಂತ್ರದೊಳಗಿನ ಗಾಳಿಯನ್ನು ಹೊರದೂಡಿ.

ಎರಡು ಗುಡ್ಡ, ನಡುವೆ ಕಣಿವೆ: ನಂಬಬಹುದೇ?

ಇಡೀ ಕೈಪಿಡಿಯಲ್ಲಿ ಒಂದೇ ಭಾಗ ಓದುವ ಸಮಯವಿದ್ದರೆ ಇದನ್ನು ಓದಿ. ಅಗಲವಾದ ಕ್ಯಾವಿಟಿ ಶಿಖರದೊಳಗೆ ಚೂಪಾದ ಅಣುರೇಖೆ ಕೂತರೆ, ಕಪ್ಲಿಂಗ್ ದುರ್ಬಲವಾಗಿದ್ದರೂ ನಡುವೆ ತಗ್ಗು ಬೀಳುತ್ತದೆ. ಟ್ರಾನ್ಸ್‌ಮಿಶನ್ (ಹಾಯ್ದು ಬಂದ ಬೆಳಕಿನ) ರೋಹಿತ ನೋಡಿದವರಿಗೆ ಎರಡು ಶಿಖರ. ಅದು ಬರೀ ಹೀರಿಕೆಯ ತಗ್ಗು.

ಸಂಖ್ಯೆಗಳಲ್ಲಿ ನೋಡೋಣ. ಸಂದು 4 ಮೈಕ್ರಾನ್, ಕನ್ನಡಿ 80%. ಎಫ್‌ಎಸ್‌ಆರ್ 909, ಶಿಖರದ ಅಗಲ 65. ಅದಕ್ಕೆ 6.5 ಮಿಲಿಮೋಲಾರ್ ದ್ರಾವಣ ತುಂಬಿದ್ದೇವೆ. ಸೀಳು ಸಾಂದ್ರತೆಯ ವರ್ಗಮೂಲದಂತೆ ಇಳಿಯುವುದರಿಂದ ಕಪ್ಲಿಂಗ್ ಕೊಡಬಹುದಾದ ಸೀಳು 37ರಿಂದ 15ಕ್ಕೆ ಬಂದಿದೆ. ಸೀಳು ನಿಜವಾಗಲು ಅದು ಎರಡು ಅಗಲಗಳ ವ್ಯತ್ಯಾಸದ ಅರ್ಧವನ್ನಾದರೂ ದಾಟಬೇಕು: (65 − 3) ÷ 2 = 31. ದಾಟಿಲ್ಲ, ಹತ್ತಿರವೂ ಇಲ್ಲ. ಆದರೂ ರೋಹಿತದಲ್ಲಿ ಸುಮಾರು 6.5 ಅಗಲದ ಸೊಗಸಾದ ತಗ್ಗು ಕಾಣುತ್ತದೆ, ಎರಡೂ ಬದಿಗೆ ಗುಡ್ಡ ಏಳುತ್ತದೆ. ಈಗ ಇದೇ ದ್ರಾವಣವನ್ನು, ಅದೇ ಕನ್ನಡಿಗಳನ್ನಿಟ್ಟುಕೊಂಡು, 25 ಮೈಕ್ರಾನ್ ಸಂದಿಗೆ ಹಾಕಿ. ಶಿಖರದ ಅಗಲ 10, ದಾಟಬೇಕಾದ ಗೆರೆ 3.5. ಸೀಳು 15 ಅದನ್ನು ಸುಲಭವಾಗಿ ದಾಟುತ್ತದೆ. ಎರಡು ಅಗಲಗಳ ಸರಾಸರಿ 6.5ಕ್ಕಿಂತಲೂ ಹೆಚ್ಚಿರುವುದರಿಂದ ಶಿಖರಗಳು ಬಿಡಿಬಿಡಿಯಾಗಿ ಕಾಣುತ್ತವೆ. ಸಂದು ಕಿರಿದಾದಷ್ಟೂ ಕಪ್ಲಿಂಗ್ ಗಟ್ಟಿ ಎಂಬ ನಂಬಿಕೆ ಇಲ್ಲಿ ಮುಗ್ಗರಿಸುತ್ತದೆ. ಸಂದು ತುಂಬ ಅಣುಗಳಿದ್ದರೆ ಸಾಮೂಹಿಕ ಸೀಳನ್ನು ನಿರ್ಧರಿಸುವುದು ಸಾಂದ್ರತೆ, ಸಂದಿನ ದಪ್ಪವಲ್ಲ. ದಪ್ಪ ಬದಲಾಯಿಸುವುದು ಶಿಖರದ ಅಗಲವನ್ನು.

ಹಾಗಾದರೆ ಪರೀಕ್ಷೆ? ಅತಿ ಖಚಿತವಾದದ್ದು ಹೀರಿಕೆ. ಟ್ರಾನ್ಸ್‌ಮಿಶನ್ ಮತ್ತು ಪ್ರತಿಫಲನ ಎರಡನ್ನೂ ಒಂದೇ ಕೋನದಲ್ಲಿ, ಒಂದೇ ಮಚ್ಚೆಯ ಮೇಲೆ ಅಳೆದು, 1ರಿಂದ ಎರಡನ್ನೂ ಕಳೆಯಿರಿ. ಉಳಿದದ್ದು ಎರಡು ಶಿಖರವಾಗಿದ್ದರೆ ಸ್ಟ್ರಾಂಗ್ ಕಪ್ಲಿಂಗ್. ತಗ್ಗು ಬಿದ್ದ ಜಾಗದಲ್ಲೇ ಒಂದೇ ಶಿಖರ ಎದ್ದರೆ ನೀವು ನೋಡಿದ್ದು ಬರೀ ಸೋಸುವಿಕೆ. ಪ್ರತಿಫಲನ ಅಳೆಯುವ ಜೋಡಣೆ ಇಲ್ಲದವರು ಕೋನ ಬದಲಾಯಿಸುತ್ತ ಹೋಗಿ: 0ಯಿಂದ 30 ಡಿಗ್ರಿಯವರೆಗೆ 2 ಡಿಗ್ರಿ ಅಂತರದಲ್ಲಿ. ನಿಜವಾದ ಪೋಲಾರಿಟಾನ್‌ಗಳು ಒಂದನ್ನೊಂದು ದೂಡುತ್ತವೆ, ದಾಟುವುದಿಲ್ಲ. ಹೊಂದಾಣಿಕೆಯ ಬಿಂದುವಿನಲ್ಲಿ ಎರಡರ ಅಗಲವೂ ಸಮ, ಕ್ಯಾವಿಟಿ ಮತ್ತು ಅಣುವಿನ ಅಗಲಗಳ ಸರಾಸರಿಯಷ್ಟು. ಸುಳ್ಳು ಸೀಳಿನಲ್ಲಿ ಅಗಲ ಗುಡ್ಡ ತನ್ನ ಪಾಡಿಗೆ ಜಾರುತ್ತ ಹೋಗುತ್ತದೆ, ತಗ್ಗು 1983ರಲ್ಲೇ ಗೂಟ ಹೊಡೆದಂತೆ ನಿಂತಿರುತ್ತದೆ.

ಒಂದೇ ಒಂದು ರೋಹಿತದಿಂದ ಸೀಳು ಬರೆದುಕೊಳ್ಳುವುದು ಇನ್ನೊಂದು ತಪ್ಪು. ಕ್ಯಾವಿಟಿ ಕಂಪನದಿಂದ 20 ಆಚೆ ಇದ್ದರೆ 37ರ ಸೀಳು 42 ಎಂದು ಕಾಣುತ್ತದೆ. ನಿಜವಾದದ್ದು ಕೋನಸಾಲಿನಲ್ಲಿ ಸಿಗುವ ಕನಿಷ್ಠ ಅಂತರ.

ಸಾಧನವೇ ಹಾಳೋ, ಅಣುವಿನದೇ ದೋಷವೋ ಎಂಬ ಅನುಮಾನ ಬಂದರೆ ಘನ ಪದರದ ಮಾದರಿ ಒಂದನ್ನು ಮಾಡಿಟ್ಟುಕೊಳ್ಳಿ. ಪಾಲಿವಿನೈಲ್ ಅಸಿಟೇಟ್‌ನ ಕಾರ್ಬೊನಿಲ್ ಕಂಪನ 1740ರಲ್ಲಿ. ಮೊದಲ ಶಿಖರವನ್ನು ಅದರ ಮೇಲೆ ಕೂರಿಸಲು ಸುಮಾರು 2 ಮೈಕ್ರಾನ್ ಪದರ ಸಾಕು. ಸ್ಟ್ರಾಸ್‌ಬರ್ಗ್‌ನ ತಂಡ 2015ರಲ್ಲಿ ಇದರಲ್ಲಿ ತೋರಿಸಿದ ಸೀಳು 167. ಎಫ್‌ಟಿಐಆರ್ ಎಷ್ಟೇ ಹಳೆಯದಾಗಿದ್ದರೂ ಇಷ್ಟು ದೊಡ್ಡ ಸೀಳು ಕಾಣಲೇಬೇಕು. ಕಾಣದಿದ್ದರೆ ದ್ರಾವಣ ಬದಲಾಯಿಸುತ್ತ ಕೂರಬೇಡಿ.

ಸೀಳು ಇದೆ, ಆದರೆ ಲೆಕ್ಕಕ್ಕಿಂತ ಚಿಕ್ಕದು

ಮೊದಲು ಲೆಕ್ಕ ಸರಿಯಿದೆಯೇ ನೋಡಿ. ಕ್ಯಾವಿಟಿಯ ಹೊರಗೆ, ದಪ್ಪ ಗೊತ್ತಿರುವ ಸೆಲ್ ಅಥವಾ ಪದರದಲ್ಲಿ ಅಬ್ಸಾರ್ಬೆನ್ಸ್ (ಎಷ್ಟು ಬೆಳಕು ಹೀರಿತು ಎಂಬುದರ ಲಾಗರಿತಮ್ ಅಳತೆ) ಅಳೆಯಿರಿ. ಅದನ್ನು 2.303ರಿಂದ ಗುಣಿಸಿ, ಸೆಂಟಿಮೀಟರ್‌ನಲ್ಲಿ ದಪ್ಪದಿಂದ ಭಾಗಿಸಿದರೆ ಹೀರಿಕೆಯ ಗುಣಾಂಕ. ಬರಬೇಕಾದ ಸೀಳು = √(ಹೀರಿಕೆಯ ಗುಣಾಂಕ × ರೇಖೆಯ ಅಗಲ ÷ (6.283 × ವಕ್ರೀಭವನಾಂಕ)). 1 ಮೈಕ್ರಾನ್ ಪದರದಲ್ಲಿ 0.40 ಅಬ್ಸಾರ್ಬೆನ್ಸ್, ಅಗಲ 26, ವಕ್ರೀಭವನಾಂಕ 1.41 ಎಂದಿಟ್ಟುಕೊಂಡರೆ ಗುಣಾಂಕ 9212, ಸೀಳು 164. ಕ್ಯಾವಿಟಿ ಕಟ್ಟುವ ಮೊದಲೇ ಐದು ನಿಮಿಷದಲ್ಲಿ ಮುಗಿಯುವ ಲೆಕ್ಕ ಇದು. ಇದರಲ್ಲಿ ಸೀಳು ಶಿಖರದ ಅಗಲಕ್ಕಿಂತ ಚಿಕ್ಕದು ಎಂದು ಬಂದರೆ ಚಿನ್ನ ಹಾಕುವ ಶ್ರಮ ಉಳಿಯಿತು. ಅಬ್ಸಾರ್ಬೆನ್ಸ್ 1.5 ದಾಟದಂತೆ ಸೆಲ್ ಆಯ್ದುಕೊಳ್ಳಿ. 40 ಮಿಲಿಮೋಲಾರ್ ದ್ರಾವಣವನ್ನು 25 ಮೈಕ್ರಾನ್ ಸಾಮಾನ್ಯ ಸೆಲ್‌ನಲ್ಲಿ ಅಳೆದರೆ ಶಿಖರ ಚಪ್ಪಟೆಯಾಗಿ ಸುಳ್ಳು ಹೇಳುತ್ತದೆ. ದ್ರಾವಣದ ಸಾಂದ್ರತೆಯನ್ನು ಹತ್ತನೇ ಒಂದಕ್ಕೆ ಇಳಿಸಿ ಅಳೆದು, ಮತ್ತೆ ಹತ್ತರಿಂದ ಗುಣಿಸಿ.

ಲೆಕ್ಕ ಸರಿಯಿದ್ದು ಅಳತೆ ಕಡಿಮೆ ಬಂದರೆ ಅಣುಗಳು ಇರಬೇಕಾದಷ್ಟು ಇಲ್ಲ. ತಣ್ಣಗಿನ ಕೋಣೆಯಲ್ಲಿ ದ್ರಾವಣ ಸಂತೃಪ್ತವಾಗಿ (ಇನ್ನು ಕರಗಿಸಿಕೊಳ್ಳಲಾಗದೆ) ತಳದಲ್ಲಿ ಬಿಳಿ ಹರಳು ಕೂತಿರಬಹುದು. ಸೂಜಿಯಿಂದ ಎಳೆಯುವ ಮೊದಲು ಬಾಟಲಿಯ ತಳ ನೋಡಿ. ಕಿಟಕಿ ಪಕ್ಕದ ಬಿಸಿಲಿನಲ್ಲಿ ಇಟ್ಟ ದ್ರಾವಣ ಅತಿನೇರಳೆಗೆ ಒಡೆದು ಒಂದು ಕಾರ್ಬೊನಿಲ್ ಕಳೆದುಕೊಳ್ಳುತ್ತದೆ. ಆಗ 1983ರ ಕೆಳಬದಿಯಲ್ಲಿ ಹೊಸ ಸಣ್ಣ ರೇಖೆಗಳು ಹುಟ್ಟುತ್ತವೆ. ಪದರದ ಮಾದರಿಯಲ್ಲಾದರೆ ಮೇಲಿನ ಕನ್ನಡಿ ಮತ್ತು ಪದರದ ನಡುವೆ ಗಾಳಿ ಉಳಿದಿರಬಹುದು. ಸಂದಿನ ಅರ್ಧ ಮಾತ್ರ ಅಣುವಿನಿಂದ ತುಂಬಿದ್ದರೆ ಸೀಳು ಸುಮಾರು 0.7 ಪಟ್ಟಿಗೆ ಇಳಿಯುತ್ತದೆ.

ಸಾಂದ್ರತೆಯ ಸಾಲು ಮಾಡಿ ನೋಡುವುದು ಒಳ್ಳೆಯದು: 40, 20, 10, 5 ಮಿಲಿಮೋಲಾರ್‌ಗೆ ಸುಮಾರು 37, 26, 18.5, 13. ಸೀಳಿನ ವರ್ಗವನ್ನು ಸಾಂದ್ರತೆಯ ಎದುರು ಹಾಕಿದರೆ ನೇರ ಗೆರೆ ಬರಬೇಕು. ಎತ್ತರದ ಸಾಂದ್ರತೆಯಲ್ಲಿ ಮಾತ್ರ ಗೆರೆ ಬಗ್ಗಿದರೆ ಕರಗುವಿಕೆಯ ಸಮಸ್ಯೆ. ಎಲ್ಲ ಬಿಂದುಗಳೂ ಒಟ್ಟಾಗಿ ಕೆಳಗಿದ್ದರೆ ಮೂಲ ದ್ರಾವಣದ ತೂಕವನ್ನೇ ಮತ್ತೆ ನೋಡಿ.

ನಡುವೆ ಇನ್ನೇನೋ ಕಾಣುತ್ತಿದೆ

ಎರಡು ಶಿಖರಗಳ ನಡುವೆ ಚೂಪಾದ ತಗ್ಗು, ಜೊತೆಗೆ ಇಡೀ ತಳಗೆರೆ ಮೇಲೆದ್ದಿದೆ: ಬೆಳಕು ಕನ್ನಡಿಯಿಲ್ಲದ ಕಡೆಯಿಂದ ಸೋರುತ್ತಿದೆ. ಚಿನ್ನದ ಅಂಚಿನಾಚೆ ಬಿದ್ದಿದೆ ಅಥವಾ ಪದರದಲ್ಲಿ ಸೂಜಿತೂತುಗಳಿವೆ. ಅಪರ್ಚರ್ ಕಿರಿದು ಮಾಡಿದಾಗ ತಳಗೆರೆ ಇಳಿದರೆ ಅಂಚು, ಇಳಿಯದಿದ್ದರೆ ತೂತು.

ತಗ್ಗಲ್ಲ, ನಡುವೆ ಶಿಖರವೇ ಇದ್ದರೆ ಗುಳ್ಳೆ ನೋಡಿ. ಗುಳ್ಳೆಯ ಜಾಗದಲ್ಲಿ ಅಣುಗಳಿಲ್ಲ, ಗಾಳಿಯ 200 ಅಂತರದ ಶಿಖರಸಾಲು ಅಲ್ಲಿಂದ ಬರುತ್ತದೆ. ಸೀಳಿದ ಜಾಗದಿಂದ ದೂರ ಹೋಗಿ ನೋಡಿದರೆ ಎರಡು ಬೇರೆ ಅಂತರದ ಸಾಲುಗಳು ಹೆಣೆದುಕೊಂಡಿರುತ್ತವೆ. ಇನ್ನು 56 ಮೈಕ್ರಾನ್‌ನಂಥ ದಪ್ಪ ಸ್ಪೇಸರ್ ಹಾಕಿದವರಿಗೆ ಎಫ್‌ಎಸ್‌ಆರ್ 65ಕ್ಕೆ ಇಳಿದಿರುವುದರಿಂದ, 37ರ ಸೀಳಿಗೆ ಪಕ್ಕದ ಶಿಖರಗಳೂ ಕೈಜೋಡಿಸುತ್ತವೆ. ಅದು ದೋಷವಲ್ಲ, ಆದರೆ ಎರಡು ಆಂದೋಲಕಗಳ ಸರಳ ಸೂತ್ರ ಅಲ್ಲಿ ನಡೆಯುವುದಿಲ್ಲ. ಟ್ರಾನ್ಸ್‌ಫರ್ ಮ್ಯಾಟ್ರಿಕ್ಸ್ ಲೆಕ್ಕ (ಪ್ರತಿ ಪದರದಲ್ಲೂ ಬೆಳಕು ಏನಾಗುತ್ತದೆ ಎಂದು ಪದರ ಪದರವಾಗಿ ಲೆಕ್ಕಹಾಕುವುದು) ಮಾಡಿ.

ಅಂದ ಹಾಗೆ, ಕ್ಯಾವಿಟಿಯ ರೋಹಿತವನ್ನು ಅಬ್ಸಾರ್ಬೆನ್ಸ್ ಆಗಿ ಬದಲಾಯಿಸಿ ನೋಡುವ ಅಭ್ಯಾಸ ಬಿಡಿ. ಬೆಳಕು ಹಾಯದಿರುವುದಕ್ಕೆ ಅಲ್ಲಿ ಮುಖ್ಯ ಕಾರಣ ಪ್ರತಿಫಲನ, ಹೀರಿಕೆಯಲ್ಲ. ತಲೆಕೆಳಗಾದ ಆ ಚಿತ್ರದಲ್ಲಿ ನಡುವಿನ ‘ಶಿಖರ’ಕ್ಕೆ ಯಾವ ಅರ್ಥವೂ ಇಲ್ಲ.

ಇಲ್ಲದ ಶಿಖರಗಳು

ಸಾಲುಸಾಲಾಗಿ 1.8 ಅಂತರದ ನವಿರಾದ ಅಲೆ ಕಂಡರೆ ಅದು 2 ಮಿ.ಮೀ. ಕ್ಯಾಲ್ಸಿಯಂ ಫ್ಲೋರೈಡ್ ಗಾಜಿನದೇ ಎರಡು ಮುಖಗಳ ಆಟ. ರೆಸಲ್ಯೂಶನ್ 2ಕ್ಕೆ ಇಳಿಸಿದರೆ ಮಾಯವಾಗುತ್ತದೆ, ಆದರೆ 5 ಅಗಲದ ಶಿಖರಕ್ಕೆ 2 ಕನಿಷ್ಠ ಅಗತ್ಯ. ಇನ್ನೂ ಚೂಪಾದ ಶಿಖರವಿದ್ದರೆ ವೆಜ್ ಇರುವ (ಎರಡು ಮುಖಗಳು ಸಮಾಂತರವಲ್ಲದ) ಗಾಜೇ ಬೇಕು. 4ರ ರೆಸಲ್ಯೂಶನ್‌ನಲ್ಲಿ 3 ಅಗಲದ ಅಣುರೇಖೆಯನ್ನು ಅಳೆದು ಅಗಲ ಬರೆದುಕೊಂಡವರ ಲೆಕ್ಕವೆಲ್ಲ ಮುಂದೆ ತಪ್ಪುತ್ತದೆ.

ಕ್ಯಾವಿಟಿ ಒಳ್ಳೆಯ ಕನ್ನಡಿಯೂ ಹೌದು. ನೇರವಾಗಿ ಇಟ್ಟರೆ ಬೆಳಕು ಎಫ್‌ಟಿಐಆರ್ ಒಳಗಿನ ಇಂಟರ್‌ಫೆರೋಮೀಟರಿಗೆ ವಾಪಸು ಹೋಗಿ ಎರಡನೇ ಸಲ ಮಾಡ್ಯುಲೇಟ್ ಆಗುತ್ತದೆ. ಆಗ 1000ದ ನೆರಳು 2000ದಲ್ಲಿ ಬೀಳುತ್ತದೆ. ಸೆಲ್ಲನ್ನು 3–5 ಡಿಗ್ರಿ ಓರೆ ಇಟ್ಟರೆ ಹೋಗುತ್ತದೆ. ಆ ಕೋನವನ್ನು ಲೆಕ್ಕದಲ್ಲಿ ಸೇರಿಸುವುದು ಮರೆಯಬೇಡಿ.

ಮೂರನೆಯದು ನೆಲದಿಂದ ಬರುತ್ತದೆ. ಪೀಜೋದಿಂದ (ವಿದ್ಯುತ್ ಕೊಟ್ಟರೆ ತುಸುವೇ ಹಿಗ್ಗುವ ಹರಳಿನಿಂದ) ಹೊಂದಿಸುವ ತೆರೆದ ಕ್ಯಾವಿಟಿಯಲ್ಲಿ ಒಂದು ಕನ್ನಡಿ 10 ನ್ಯಾನೋಮೀಟರ್ ಅಲುಗಿದರೂ 25 ಮೈಕ್ರಾನ್ ಸಂದಿನ ಶಿಖರ 0.8 ಸರಿಯುತ್ತದೆ. ಪಂಪು ನಡೆಯುವ ಮೇಜಿನ ಮೇಲೆ ಇದು ಸಾಮಾನ್ಯ. ಅಲುಗಾಟ ನಿಯತವಾಗಿದ್ದರೆ ನಿಜವಾದ ಶಿಖರದ ಎರಡೂ ಬದಿಗೆ ನೆರಳು ಶಿಖರ ಏಳುತ್ತದೆ, ಅದನ್ನು ಪೋಲಾರಿಟಾನ್ ಎಂದುಕೊಳ್ಳುವುದು ಸುಲಭ. ಪರೀಕ್ಷೆಗೆ ಒಂದು ನಿಮಿಷ ಸಾಕು. ಎಫ್‌ಟಿಐಆರ್ ಪ್ರತಿ ವೇವ್‌ನಂಬರನ್ನೂ ಅದಕ್ಕೂ ಸ್ಕ್ಯಾನ್ ವೇಗಕ್ಕೂ ಅನುಪಾತದಲ್ಲಿರುವ ಹರ್ಟ್ಸ್ ಆಗಿ ಅಳೆಯುತ್ತದೆ. ಹೀಲಿಯಂ–ನಿಯಾನ್ ಲೇಸರ್‌ನ 15798ಕ್ಕೆ 10 ಕಿಲೋಹರ್ಟ್ಸ್ ಆಗುವ ಸ್ಕ್ಯಾನ್ ವೇಗದಲ್ಲಿ, 50 ಹರ್ಟ್ಸ್ ಅಲುಗಾಟದ ನೆರಳು 79 ಆಚೆ ಈಚೆ ಬೀಳುತ್ತದೆ. ವೇಗವನ್ನು 20 ಕಿಲೋಹರ್ಟ್ಸ್‌ಗೆ ಏರಿಸಿ. ನೆರಳು 39.5ಕ್ಕೆ ಬರುತ್ತದೆ, ಪೋಲಾರಿಟಾನ್ ಇದ್ದಲ್ಲೇ ಇರುತ್ತದೆ.

ಶಿಖರಗಳ ಎತ್ತರವೇ ಅಸಂಬದ್ಧ ಎನ್ನಿಸಿದರೆ ಎಂಸಿಟಿ (ಪಾದರಸ–ಕ್ಯಾಡ್ಮಿಯಂ–ಟೆಲ್ಯುರೈಡ್) ಡಿಟೆಕ್ಟರ್ ಅನ್ನು ಅನುಮಾನಿಸಿ. ಬ್ಯಾಕ್‌ಗ್ರೌಂಡ್ (ಸೆಲ್ ಇಲ್ಲದ ಅಳತೆ) ಅನ್ನು ಪೂರ್ತಿ ತೆರೆದ ಬೆಳಕಿನಲ್ಲಿ, ಕ್ಯಾವಿಟಿಯನ್ನು ಅದರ ಹತ್ತನೇ ಒಂದು ಪಾಲು ಬೆಳಕಿನಲ್ಲಿ ಅಳೆದರೆ ಡಿಟೆಕ್ಟರ್ ಎರಡಕ್ಕೂ ಒಂದೇ ಅಳತೆಗೋಲು ಬಳಸುವುದಿಲ್ಲ. ಬ್ಯಾಕ್‌ಗ್ರೌಂಡಿನ ಸಿಂಗಲ್ ಬೀಮ್ ತೆಗೆದು ಡಿಟೆಕ್ಟರ್ ಕಾಣಲಾಗದ ಕೆಳ ಆವೃತ್ತಿಯ ಭಾಗ ನೋಡಿ. ಅಲ್ಲಿ ಸೊನ್ನೆ ಇರಬೇಕು. ಇಲ್ಲದಿದ್ದರೆ ಲೋಹದ ಜಾಲರಿ ಹಾಕಿ ಬೆಳಕು ತಗ್ಗಿಸಿ.

ಬೆಳಿಗ್ಗೆ ಸರಿಯಿತ್ತು, ಮಧ್ಯಾಹ್ನ ಸರಿದಿದೆ

ಟೆಫ್ಲಾನ್ ಸ್ಪೇಸರ್ ಒತ್ತಡದಲ್ಲಿ ನಿಧಾನವಾಗಿ ಹರಿಯುತ್ತದೆ. ಬಿಗಿ ಮಾಡಿದ ಮೊದಲ ಗಂಟೆಗಳಲ್ಲಿ ಸಂದು ಕುಗ್ಗುತ್ತ ಶಿಖರ ಮೇಲೇರುತ್ತದೆ. ಸೆಲ್ ಕಟ್ಟಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮತ್ತೆ ಹೊಂದಿಸಿ. ಮೈಲಾರ್ (ಪಾಲಿಯೆಸ್ಟರ್ ಹಾಳೆ) ಇದಕ್ಕಿಂತ ಗಟ್ಟಿ, ಆದರೆ ನಿಮ್ಮ ದ್ರಾವಕದಲ್ಲಿ ಊದಿಕೊಳ್ಳುವುದಿಲ್ಲ ಎಂದು ಮೊದಲೇ ಒಂದು ತುಂಡು ಮುಳುಗಿಸಿ ನೋಡಿ. ಉಷ್ಣಾಂಶವೂ ಪಾತ್ರ ವಹಿಸುತ್ತದೆ: ಹೆಕ್ಸೇನ್‌ನ ವಕ್ರೀಭವನಾಂಕ ಪ್ರತಿ ಡಿಗ್ರಿಗೆ ಸುಮಾರು 0.0005 ಇಳಿಯುವುದರಿಂದ ಶಿಖರ 0.7 ಮೇಲೇರುತ್ತದೆ, ಸ್ಪೇಸರ್ ಹಿಗ್ಗುವುದರಿಂದ ಅದರಲ್ಲಿ ಸ್ವಲ್ಪ ವಾಪಸು ಬರುತ್ತದೆ. ಶಿಖರಗಳ ಅಂತರ 145ರಿಂದ ನಿಧಾನವಾಗಿ 200ರ ಕಡೆ ಹೊರಟರೆ ಉಷ್ಣಾಂಶವಲ್ಲ, ಹೆಕ್ಸೇನ್ ಆವಿಯಾಗುತ್ತಿದೆ. ತುಂಬುವ ಬಾಯಿಗಳ ಟೆಫ್ಲಾನ್ ಮುಚ್ಚಳ ನೋಡಿ.

ರಾಸಾಯನಿಕ ಕ್ರಿಯೆಯ ವೇಗ ಬದಲಾಗಿದೆಯೇ ಎಂದು ನೋಡುವವರಿಗೆ ಈ ಸರಿದಾಟ ಇನ್ನೂ ದುಬಾರಿ. 2016ರಲ್ಲಿ ಸ್ಟ್ರಾಸ್‌ಬರ್ಗ್‌ನ ಎಬ್ಬೆಸನ್ ತಂಡ, ಸಿಲಿಕಾನ್–ಇಂಗಾಲ ಬಂಧದ ಕಂಪನವನ್ನು ಕ್ಯಾವಿಟಿಗೆ ಕಪ್ಲಿಂಗ್ ಮಾಡಿದಾಗ ಆ ಬಂಧ ಒಡೆಯುವ ಕ್ರಿಯೆ ನಿಧಾನವಾಯಿತು ಎಂದು ಪ್ರಕಟಿಸಿತು. ಕ್ಯಾವಿಟಿಯಲ್ಲಿ ವೇಗ ಬದಲಾಗುತ್ತದೆ ಎಂದು ವರದಿಯಾಗಿದ್ದ ಬೇರೆ ಕ್ರಿಯೆಗಳನ್ನು ಮತ್ತೆ ಮಾಡಿ ನೋಡಿದ ತಂಡಗಳಿಗೆ 2021ರಲ್ಲಿ ಆ ಬದಲಾವಣೆ ಸಿಗಲಿಲ್ಲ. ನಿಮ್ಮ ಸೆಲ್‌ನಲ್ಲಿ ವೇಗ ಬದಲಾದಂತೆ ಕಂಡರೆ ಮೊದಲು ಥರ್ಮೋಕಪಲ್ ನೋಡಿ. ಸಕ್ರಿಯಣ ಶಕ್ತಿ ಮೋಲ್‌ಗೆ 60 ಕಿಲೋಜೂಲ್ ಇರುವ ಕ್ರಿಯೆಯ ವೇಗ ಕೋಣೆಯ ಉಷ್ಣಾಂಶದಲ್ಲಿ ಪ್ರತಿ ಡಿಗ್ರಿಗೆ 8% ಏರುತ್ತದೆ, 3 ಡಿಗ್ರಿಗೆ ಕಾಲುಭಾಗಕ್ಕಿಂತ ಹೆಚ್ಚು. ಕ್ರಿಯೆಯ ಪ್ರಗತಿಯನ್ನು ಶಿಖರ ಸರಿಯುವುದರಿಂದ ಅಳೆಯುತ್ತಿದ್ದರೆ ಸ್ಪೇಸರ್ ಹರಿಯುವುದೂ ಕ್ರಿಯೆಯಂತೆಯೇ ಕಾಣುತ್ತದೆ. ಬರೀ ದ್ರಾವಕ ತುಂಬಿದ ಅದೇ ಸೆಲ್ಲನ್ನು ಅಷ್ಟೇ ಹೊತ್ತು ಓಡಿಸಿ, ಆ ಸರಿದಾಟವನ್ನು ಕಳೆಯಿರಿ. ಹೋಲಿಕೆಗೆ ಚಿನ್ನವಿಲ್ಲದ ಸೆಲ್ ಸಾಲದು, ಮೇಲ್ಮೈ ಬೇರೆಯಾದರೆ ಕ್ರಿಯೆಯೂ ಬೇರೆಯಾಗಬಹುದು. ಅದೇ ಕನ್ನಡಿಗಳು, ಅದೇ ಸ್ಪೇಸರ್, ಸಂದು ಮಾತ್ರ ಎರಡು ಹೊಂದಾಣಿಕೆಗಳ ನಟ್ಟನಡುವೆ. ನಮ್ಮ ಉದಾಹರಣೆಯಲ್ಲಿ ಅದು 24.75 ಮೈಕ್ರಾನ್.